ತೊಟ್ಟಿಲು ಇಡದ ಜಾಗದಲ್ಲಿ ತಲೆ ಇಡಬೇಡಿ

ನಮ್ಮ ಕಲಬುರಗಿ ಕಡೆ ಕಲ್ಲಿಗೆ ಬರವಿಲ್ಲ. ಮನೆಯ ನೆಲಕ್ಕೆ ಫರ್ಸಿ ಎಂಬ ಹಾಸುಗಲ್ಲು, ಅಂಗಳಕ್ಕೆ ಫರ್ಸಿ, ಅಡುಗೆ ಕಟ್ಟೆಗೂ ಫರ್ಸಿ. ಗಾಳಿಗೆ ಬಾಗಿಲು ಬಡಿದರೆ ಒಂದು ಫರ್ಸಿ ತುಂಡು ಅಡ್ಡ ಇಡುತ್ತೇವೆ. ಮಂಚದ ಕಾಲು ಅಲುಗಾಡಿದರೆ ಇನ್ನೊಂದು ತುಂಡು ಕೆಳಗೆ ತಳ್ಳುತ್ತೇವೆ. ಹೀಗೆ ರೂಢಿಯಾದ ಕೈ ಗಾಡಿ ಕೆಟ್ಟಾಗಲೂ ಸುಮ್ಮನಿರುವುದಿಲ್ಲ. ಜಾಕ್ ಹಚ್ಚಿ ಗಾಡಿ ಎತ್ತುವುದು, ಕೆಳಗೆ ನಾಲ್ಕು ಕಲ್ಲು ಪೇರಿಸುವುದು, ನಟ್ಟು ಬಿಚ್ಚುವ ಪಾನಾ ಹಿಡಿದು ಒಳಗೆ ತೂರುವುದು. ಯಾರಾದರೂ ಕೇಳಿದರೆ "ಏನಾಗ್ತದ ಬಿಡ್ರಿ" ಎನ್ನುವುದು. ಏನಾಗುತ್ತದೆ ಎಂದು ತಿಳಿಯಬೇಕಾದರೆ ಸೇಡಂ ರಸ್ತೆಯ ನಾಗರತ್ನಾಳನ್ನು ಕೇಳಬೇಕು.

ನಾಗರತ್ನಾಳ ಗಂಡ ಅಮರನಾಥ ಕಲ್ಲಿನ ನಡುವೆಯೇ ಹುಟ್ಟಿ ಬೆಳೆದವನು. ಅಜ್ಜನ ಕಾಲದಿಂದಲೂ ಅವರದು ಫರ್ಸಿ ಕಲ್ಲಿನ ಅಂಗಡಿ. ಗಿರಾಕಿ ಕಲ್ಲು ತೋರಿಸಿದರೆ ಸಾಕು, ಬೆರಳ ಗೆಣ್ಣಿನಿಂದ ಎರಡು ಸಲ ಬಾರಿಸುತ್ತಾನೆ. ಟಣ್ ಎಂದರೆ ಗಟ್ಟಿ ಕಲ್ಲು. ಬೊದ್ ಎಂದರೆ ಒಳಗೆ ಬಿರುಕು, ಪಕ್ಕಕ್ಕೆ ಸರಿಸು. ಮೇಲಿಂದ ಒಂದು ಉಪದೇಶ ಬಿಟ್ಟಿ: "ಕಲ್ಲ ಹಾಸೋವಾಗ ಕೆಳಗ ಪೊಳ್ಳ ಬಿಡಬ್ಯಾಡ್ರಿ. ಪೂರಾ ಮೈ ಕೂತಿರಬೇಕು. ಪೊಳ್ಳಿನ ಮ್ಯಾಲ ಭಾರ ಬಿತ್ತಂದ್ರ ಫರ್ಸಿ ಹೇಳದ ಕೇಳದ ಒಡೀತದ." ಮೂವತ್ತು ವರ್ಷ ಇದನ್ನು ಕೇಳಿ ಕೇಳಿ ನಾಗರತ್ನಾಳಿಗೆ ಬಾಯಿಪಾಠವಾಗಿತ್ತು.

ಆ ಮನೆಯಲ್ಲಿ ಕಲ್ಲಿನಷ್ಟೇ ಮಾನ ಇನ್ನೊಂದಕ್ಕಿತ್ತು. ಅದು ಅಮರನಾಥನ ತಂದೆ ದೇವೀಂದ್ರಪ್ಪ ಅರವತ್ತು ವರ್ಷದ ಹಿಂದೆ ಕೊಂಡ ಅಂಬಾಸಿಡರ್ ಕಾರು. ಹಾಲಿನ ಕೆನೆಯ ಬಣ್ಣ, ದುಂಡನೆಯ ಬೆನ್ನು, ಮುಂದೆ ಹಲ್ಲು ಕಿಸಿದಂಥ ಜಾಳಿಗೆ. ಮನೆಯವರೆಲ್ಲ ಅದನ್ನು "ಅಪ್ಪನ ಗಾಡಿ" ಎನ್ನುತ್ತಾರೆ. ದಿನಾ ಓಡಿಸಲು ಬೇರೆ ಕಾರಿದೆ. ಆದರೆ ಈ ಮನೆಯ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಅಪ್ಪನ ಗಾಡಿಯಲ್ಲೇ. ಅಮರನಾಥನ ಅಕ್ಕ ಹಾಗೆ ಬಂದಳು, ತಂಗಿ ಹಾಗೆ ಬಂದಳು. ಈಗ ಮಗಳು ಅಂಬಿಕಾಳ ಸರದಿ. ಅವಳನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಏಳು ತಿಂಗಳು ತುಂಬಿತ್ತು. ಸೋಮವಾರ ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಅದು ಮುಗಿದೊಡನೆ ಅವಳನ್ನು ಕೂರಿಸಿಕೊಂಡು ಬರುವುದು ಎಂದು ನಿಶ್ಚಯವಾಗಿತ್ತು.

ಶನಿವಾರ ಬೆಳಗ್ಗೆ ನೋಡಿದರೆ ಕಾರಿನ ಮೂತಿಯ ಕೆಳಗೆ, ಅಂಗಳದ ಫರ್ಸಿಯ ಮೇಲೆ ಹಿಟ್ಟು ನಾದುವ ಪರಾತದಷ್ಟು ಅಗಲ ಎಣ್ಣೆ ಹರಡಿತ್ತು.

ಅಮರನಾಥ ಸ್ಟೇಶನ್ ಬಜಾರಕ್ಕೆ ಓಡಿದ. ಅಲ್ಲಿ ಹಳೆಯ ಗಾಡಿಗಳ ಮೇಸ್ತ್ರಿ ಮಕ್ಸೂದ್ ಇದ್ದಾರೆ. ಅವರು ಮಾತಿನಲ್ಲೇ ರೋಗ ಹಿಡಿದರು. "ಚೇಂಬರ್ ಪ್ಯಾಕಿಂಗ್ ಹೋಗ್ಯಾದ ಸಾಹುಕಾರ್. ಇಂಜಿನ್ ತಳದಾಗ ಆಯಿಲ್ ತುಂಬೋ ಡಬ್ಬಿ ಅದ ಅಲಾ, ಅದಕ್ಕ ಚೇಂಬರ್ ಅಂತೀವಿ. ಅದನ್ನ ಬಿಚ್ಚಿ, ಆಯಿಲ್ ಸೋರದಂಗ ಹೊಸ ಪ್ಯಾಕಿಂಗ್ ಹಾಕಬೇಕು. ಖರೆ ನನ್ನ ಹಂತ್ಯಾಕ ನಾಕು ಗಾಡಿ ನಿಂತಾವ. ಎಂಟು ದಿನ ನಿಲ್ರಿ, ನಾನೇ ಮಾಡಿ ಕೊಡ್ತೇನಿ."

ಎಂಟು ದಿನ ಎಲ್ಲಿಂದ ತರುವುದು? ಅಮರನಾಥ ಪ್ಯಾಕಿಂಗ್ ಮಾತ್ರ ಕಿಸೆಗೆ ಹಾಕಿಕೊಂಡು ಬಂದ. ಹರೆಯದಲ್ಲಿ ಅಪ್ಪನ ಜೊತೆ ನಿಂತು ಇಂಥ ಕೆಲಸ ಎಷ್ಟೋ ಮಾಡಿದ್ದ. "ನಾಳಿ ಐತವಾರ. ಮುಂಜಾನೆ ಸುರು ಮಾಡಿದ್ರ ಊಟದ ಹೊತ್ತಿಗಿ ಮುಗೀತದ" ಎಂದು ಹೆಂಡತಿಗೆ ಹೇಳಿದ. ನಾಗರತ್ನಾಳಿಗೆ ಸಂತೋಷವೇ ಆಯಿತು. ಗಂಡ ಮನೆಯ ಕೆಲಸಕ್ಕೆ ಕೈ ಹಾಕುತ್ತೇನೆ ಎನ್ನುವುದು ಅಪರೂಪ, ಅಡ್ಡ ಬರುವುದೇಕೆ?

ಭಾನುವಾರ ಬೆಳಗ್ಗೆ ಅವಳು ಪಡಸಾಲೆಯಲ್ಲಿ ತೊಟ್ಟಿಲು ಒರೆಸುತ್ತ ಕೂತಿದ್ದಳು. ಅದೂ ಮೂರು ತಲೆಮಾರಿನದು. ಸಾಗವಾನಿ ಕಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿದ್ದಳು. ಒಂದು ಗಿಳಿಯ ಕೊಕ್ಕಿನ ಧೂಳು ತೆಗೆಯುವಾಗ ಅಂಗಳದಿಂದ "ಟಕ್" ಎಂದು ಒಂದು ಸಪ್ಪಳ ಬಂತು.

"ಏನ್ರೀ ಅದು?" ಎಂದು ಕೂತಲ್ಲಿಂದಲೇ ಕೂಗಿದಳು.

"ಏನಿಲ್ಲ, ಪಾನಾ ಬಿತ್ತು" ಎಂದು ಎಲ್ಲೋ ಕೆಳಗಿನಿಂದ ದನಿ ಬಂತು.

ದನಿ ಬಂದ ಜಾಗ ಸರಿ ಕಾಣಲಿಲ್ಲ. ಎದ್ದು ಹೊರಗೆ ಬಂದಳು. ಕಾರಿನ ಮುಂಭಾಗ ಮೇಲೆದ್ದು ನಿಂತಿದೆ. ಎಡಕ್ಕೆ ಆರು, ಬಲಕ್ಕೆ ಆರು ಫರ್ಸಿ ತುಂಡು ಒಂದರ ಮೇಲೊಂದು. ಅವುಗಳ ಮೇಲೆ ಕಾರಿನ ಭಾರ. ಜಾಕ್ ಕೆಲಸ ಮುಗಿಸಿ ಮೂಲೆಯಲ್ಲಿ ಮಲಗಿದೆ. ಕಾರಿನ ಕೆಳಗಿನಿಂದ ಗಂಡನ ಎರಡು ಕಾಲು ಮಾತ್ರ ಹೊರಗೆ ಚಾಚಿವೆ, ಒಂದು ಕಾಲಿನ ಹೆಬ್ಬೆರಳು ಏನೋ ಗುನುಗಿಗೆ ತಾಳ ಹಾಕುತ್ತಿದೆ.

ನಾಗರತ್ನಾ ಓಡಿ ಬಂದು ಕಾರಿನ ಪಕ್ಕ ಬಗ್ಗಿದಳು.

"ರೀ, ಇದೇನ್ ಮಾಡಾಕತ್ತೀರಿ? ಈ ಕಲ್ಲ ಸರದ್ರ?"

"ನಾಗೂ, ಈ ಕಲ್ಲಿನ ಮ್ಯಾಲ ಅರ್ಧ ಊರ ನಿಂತದ. ಒಂದು ಗಾಡಿ ನಿಲ್ಲಂಗಿಲ್ಲೇನು? ನಾನೇ ಬಾರಿಸಿ ನೋಡಿ ಆರಿಸಿ ತಂದೀನಿ. ಒಂದೊಂದೂ ಟಣ್ ಅಂತಾವ."

"ಊರ ನಿಂತಿದ್ದು ಬ್ಯಾರೆ, ನೀವು ಅದರ ಕೆಳಗ ಮಲಗಿದ್ದು ಬ್ಯಾರೆ."

"ಅಪ್ಪ ಹಿಂಗೇ ಮಾಡ್ತಿದ್ದ. ಏನಾಗ್ತದ ಬಿಡು. ಒಂದು ಕಪ್ ಛಾ ಇಡು ಹೋಗು."

ಚಹಾ ಇಡುವ ಮನಸ್ಸು ಅವಳಿಗೆ ಇರಲಿಲ್ಲ. ಗಂಡನ ಜೊತೆ ವಾದಕ್ಕಿಳಿದರೆ ಹೊತ್ತು ಹೋಗುತ್ತದೆ, ಆ ಹೊತ್ತೆಲ್ಲ ಅವನು ಕೆಳಗೇ ಇರುತ್ತಾನೆ ಎಂದು ಹೊಳೆದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಪಕ್ಕದ ಮನೆಯಲ್ಲಿ ಇರುವವಳು ಪಂಚಶೀಲಾ. ಐಟಿಐ ಕಾಲೇಜಿನಲ್ಲಿ ಮೋಟಾರು ಗಾಡಿ ರಿಪೇರಿ ಕಲಿಸುವ ಮೇಡಂ. ವರ್ಷಕ್ಕೆ ನಲವತ್ತು ಹುಡುಗರು ಅವಳ ಕೈಯಲ್ಲಿ ಮೆಕ್ಯಾನಿಕ್ ಆಗಿ ಹೊರಗೆ ಬೀಳುತ್ತಾರೆ. ತನ್ನ ಹಳೆಯ ಮಾರುತಿಯನ್ನು ತಾನೇ ಬಿಚ್ಚಿ ತಾನೇ ಕಟ್ಟುತ್ತಾಳೆ. ಇಷ್ಟಿದ್ದರೂ ಅಮರನಾಥ ಒಂದು ದಿನವೂ ಅವಳನ್ನು ಒಂದು ಮಾತು ಕೇಳಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ.

ಪಂಚಶೀಲಾ ಬಂದು ಕಾರಿನಿಂದ ಎರಡು ಮಾರು ದೂರ ಕುಕ್ಕುರುಗಾಲಲ್ಲಿ ಕೂತು ಬಗ್ಗಿ ನೋಡಿದಳು. ನಾಗರತ್ನಾ ಕಾರಿನ ಬಾನೆಟ್ ಮೇಲೆ ಕೈ ಇಡಲು ಹೋದಾಗ ಥಟ್ಟನೆ ತಡೆದಳು.

"ಕಾಕು, ಕೈ ಹಚ್ಚಬ್ಯಾಡ್ರಿ, ಒರಗಬ್ಯಾಡ್ರಿ. ಕಾಕಾ, ಮೊದಲ ನೀವು ಹೊರಗ ಬರ್ರಿ. ಆಮ್ಯಾಲ ಮಾತಾಡಮು."

"ಯಾರು, ಪಂಚಶೀಲಾ ಏನವಾ? ಇನ್ನ ನಾಕ ಬೋಲ್ಟ್ ಉಳದಾವ. ಬಿಚ್ಚಿ ಬರ್ತೇನಿ."

"ಬೋಲ್ಟ್ ಎಲ್ಲೂ ಓಡಿ ಹೋಗಂಗಿಲ್ರಿ. ನೀವು ಬರ್ರಿ."

"ಅಲ್ಲವಾ, ಕಲ್ಲಿನ ವಿಷಯ ನನಗ ಹೇಳ್ತೀ?" ಕೆಳಗಿನಿಂದ ನಗು ಕೇಳಿಸಿತು.

"ಕಲ್ಲಿನ ವಿಷಯ ನಿಮಗ ಹೇಳಂಗಿಲ್ರಿ, ನಿಮ್ಮಿಂದನ ಕಲ್ತೀನಿ. ನಮ್ಮ ಮನಿ ಫರ್ಸಿ ಹಾಸೋವಾಗ ನೀವೇ ಅಂದ್ರಿ, ಪೂರಾ ಮೈ ಕೂತಿರಬೇಕು, ಪೊಳ್ಳಿನ ಮ್ಯಾಲ ಭಾರ ಬೀಳಬಾರದು ಅಂತ. ಇಲ್ಲಿ ನೋಡ್ರಿ. ಆರು ಕಲ್ಲಿನ ನಡುವ ಎಲ್ಲಾ ಸಂದಿ. ಮ್ಯಾಲ ಗಾಡಿ ಭಾರ ಬಿದ್ದದ್ದು ಅಂಗೈಯಷ್ಟ ಜಾಗದ ಮ್ಯಾಲ. ನೆಲಕ್ಕ ಹಾಸಿದ ಫರ್ಸಿ ಭಾರ ಹೊರ್ತದ, ಖರೆ. ಹಿಂಗ ಪೇರಿಸಿದ ಫರ್ಸಿ ಹೊರಂಗಿಲ್ರಿ."

ಕಾಲಿನ ಹೆಬ್ಬೆರಳು ತಾಳ ನಿಲ್ಲಿಸಿತು. ಆದರೆ ಕಾಲು ಹೊರಗೆ ಬರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯನಿಗೆ ತನ್ನದೇ ಬುದ್ಧಿಮಾತು ಯಾರಾದರೂ ತಿರುಗಿ ಹೇಳಿದರೆ ಬಲು ಕಹಿ.

"ಬರ್ತೇನಿ ತಡಿಯವಾ. ಮುಂಜಾನಿಂದ ಮಲಗೀನಿ, ಏನಾಗ್ಯಾದ? ಹತ್ತ ನಿಮಿಷದಾಗ ಏನಾಗ್ತದ?"

ಅಷ್ಟು ಕೇಳಿದ್ದೇ ನಾಗರತ್ನಾ ಸರ್ರನೆ ಒಳಗೆ ಹೋದಳು. ಬರುವಾಗ ಎರಡೂ ಕೈಯಲ್ಲಿ ತೊಟ್ಟಿಲು ಎತ್ತಿಕೊಂಡಿದ್ದಳು. ಏದುಸಿರು ಬಿಡುತ್ತ ಬಂದು ಅದನ್ನು ಗಂಡನ ಕಾಲ ಬಳಿ ನೆಲಕ್ಕಿಟ್ಟಳು. ತೊಟ್ಟಿಲ ಸರಪಳಿ ಫರ್ಸಿಗೆ ತಾಕಿ ಘಲ್ಲೆಂದಿತು.

"ರೀ, ಜರಾ ಆಕಡಿ ಸರೀರಿ. ಈ ತೊಟ್ಟಿಲ ನಿಮ್ಮ ಬಾಜೂಕ ಇಡ್ತೇನಿ. ಪಡಸಾಲ್ಯಾಗ ಜಾಗ ಸಾಲವಲ್ದು."

"ಏನು? ತೊಟ್ಟಿಲನ? ಇಲ್ಲೇ? ಏ, ತೆಗಿ, ತೆಗಿ!"

"ಯಾಕ? ಗಟ್ಟಿ ಅದ ಅಂದ್ರಿ. ಅರ್ಧ ಊರ ನಿಂತದ ಅಂದ್ರಿ. ಹತ್ತ ನಿಮಿಷ ಇರ್ಲಿ."

"ಹುಚ್ಚಿ ಏನ ನೀ! ಅಜ್ಜನ ಕಾಲದ ತೊಟ್ಟಿಲ ಅದು. ಎಲ್ಲಿಯರ ಏನರ ಆಯ್ತಂದ್ರ?" ಎನ್ನುತ್ತ ಅಮರನಾಥ ಬೆನ್ನು ಎಳೆಯುತ್ತ, ಮೊಣಕೈ ಉಜ್ಜುತ್ತ, ಸರಸರ ಹೊರಗೆ ಬಂದ. ಮುಖದ ತುಂಬ ಕಪ್ಪು ಎಣ್ಣೆ. ತೊಟ್ಟಿಲನ್ನು ಎರಡೂ ಕೈಯಿಂದ ಹಿಡಿದು ಕಾರಿನಿಂದ ದೂರ ಎಳೆದ.

ನಾಗರತ್ನಾ ಅಲ್ಲಿಯೇ ನಿಂತು ಅವನನ್ನು ನೋಡಿದಳು. ಸಿಟ್ಟಿತ್ತು, ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಖಾಲಿ ತೊಟ್ಟಿಲ ಇಡಾಕ ನಿಮಗ ಧೈರ್ಯ ಇಲ್ಲ. ನಿಮ್ಮ ತಲಿ ಇಡಾಕ ಧೈರ್ಯ ಅದ. ನೀವು ತೊಟ್ಟಿಲಕಿಂತ ಅಗ್ಗ ಏನ್ರಿ? ನಾಳಿ ಮಗಳು ಗಾಡಿ ಯಾಕ ಬರಲಿಲ್ಲ ಅಂತ ಕೇಳಿದ್ರ ಉತ್ತರ ಕೊಡ್ತೇನಿ. ಅಪ್ಪ ಯಾಕ ಬರಲಿಲ್ಲ ಅಂದ್ರ ಏನ್ ಹೇಳಲಿ ನಾನು?"

ಅಮರನಾಥ ತೊಟ್ಟಿಲ ಗಿಳಿಗೆ ತನ್ನ ಎಣ್ಣೆ ಕೈ ತಾಗಿದ್ದು ಕಂಡು ಅಂಗಿಯ ಚುಂಗಿನಿಂದ ಒರೆಸತೊಡಗಿದ.

ಪಂಚಶೀಲಾ ತನ್ನ ಮನೆಗೆ ಹೋಗಿ ಗಾಲಿ ಇರುವ ದೊಡ್ಡ ಜಾಕ್ ಎಳೆದು ತಂದಳು. ಜೊತೆಗೆ ಎರಡು ಕಬ್ಬಿಣದ ಸ್ಟ್ಯಾಂಡ್. ಕೆಳಗೆ ಅಗಲ ಕಾಲು, ಮೇಲೆ ಗಾಡಿ ಕೂರಲು ಅಂಗೈಯಂಥ ಬಟ್ಟಲು, ನಡುವೆ ಎತ್ತರ ಹೆಚ್ಚು ಕಡಿಮೆ ಮಾಡಿ ಸಿಕ್ಕಿಸುವ ಗಟ್ಟಿ ಪಿನ್ನು. "ಇವಕ್ಕ ಜಾಕ್ ಸ್ಟ್ಯಾಂಡ್ ಅಂತಾರ್ರಿ. ಜಾಕ್ ಇರೋದು ಎತ್ತಾಕ. ಹಿಡಿದು ನಿಲ್ಲಾಕ ಇರೋದು ಇದು. ಜಾಕಿನ ಭರೋಸಾದ ಮ್ಯಾಲ ಕೆಳಗ ಹೋಗೋದೂ ಒಂದ, ಕಲ್ಲಿನ ಭರೋಸಾದ ಮ್ಯಾಲ ಹೋಗೋದೂ ಒಂದ."

ಯಾರೂ ಕೆಳಗೆ ಹೋಗದೆ, ಹೊರಗೇ ನಿಂತು ಜಾಕ್ ಒತ್ತಿ ಕಾರನ್ನು ಎರಡು ಬೆರಳು ಮೇಲೆತ್ತಿದಳು. ಕಲ್ಲುಗಳ ಮೇಲಿನ ಭಾರ ಇಳಿಯಿತು. ಒಂದು ಉದ್ದನೆಯ ಕೋಲಿನಿಂದ ಎರಡೂ ಕಡೆಯ ಕಲ್ಲುಗಳನ್ನು ಹೊರಕ್ಕೆ ತಳ್ಳಿ, ಕಾರನ್ನು ನಿಧಾನಕ್ಕೆ ನೆಲಕ್ಕಿಳಿಸಿದಳು.

ಅಮರನಾಥ ತನ್ನ ಕಲ್ಲುಗಳನ್ನು ಒಂದೊಂದೇ ಎತ್ತಿ ಗೋಡೆಗೆ ಒರಗಿಸತೊಡಗಿದ. ಸೋತ ಮನುಷ್ಯನಿಗೂ ಒಂದು ಕೊನೆಯ ಮಾತು ಬೇಕಲ್ಲ. "ನೋಡು, ಒಂದಕ್ಕಾದರೂ ಏನರ ಆಗ್ಯಾದೇನು?" ಎಂದು ರೂಢಿಯಂತೆ ಬೆರಳ ಗೆಣ್ಣಿನಿಂದ ಬಾರಿಸಿದ. ಟಣ್. ಎರಡನೆಯದು, ಟಣ್. ಮೂರನೆಯದು, ಬೊದ್.

ಅವನು ಕೈ ಹಿಂದಕ್ಕೆ ತೆಗೆದ. ಮತ್ತೆ ಬಾರಿಸಿದ. ಬೊದ್.

ಕಲ್ಲನ್ನು ಎತ್ತಲು ಹೋದರೆ ಅರ್ಧ ಮಾತ್ರ ಕೈಗೆ ಬಂತು. ಇನ್ನರ್ಧ ನೆಲದ ಮೇಲೆಯೇ ಉಳಿಯಿತು. ಒಡೆದ ಜಾಗ ಹೊಸದು, ಒಂದಿಷ್ಟೂ ಧೂಳಿಲ್ಲ.

"ಮುಂಜಾನೆ ನಾನೇ ಬಾರಿಸಿ ಇಟ್ಟೀನಿ. ಟಣ್ ಅಂದಿತ್ತು" ಎಂದ ಅಮರನಾಥ. ದನಿ ಸಣ್ಣಗಾಗಿತ್ತು.

"ರೀ, ಟಕ್ ಅಂತ ಸಪ್ಪಳ ಬಂತಲ್ರಿ" ಎಂದಳು ನಾಗರತ್ನಾ. "ಪಾನಾ ಬಿತ್ತು ಅಂದ್ರಿ."

ಅವನು ತನ್ನ ಬಲಗೈ ನೋಡಿಕೊಂಡ. "ಸುಮ್ಮ ಬಾಯಿಗಿ ಬಂದದ್ದ ಅಂದೆ. ಪಾನಾ ನನ್ನ ಕೈಯಾಗೇ ಇತ್ತು."

ಅಂದರೆ ಕಲ್ಲು ಒಡೆದದ್ದು ಅವನು ಕೆಳಗೆ ಮಲಗಿದ್ದಾಗಲೇ. ಅದಾದ ಮೇಲೂ ಅಷ್ಟು ಹೊತ್ತು ಅವನು ಒಡೆದ ಕಲ್ಲಿನ ಮೇಲೆ ನಿಂತ ಕಾರಿನ ಕೆಳಗೆ ಹಾಡು ಗುನುಗುತ್ತಿದ್ದ. ಅಮರನಾಥ ಅರ್ಧ ಕಲ್ಲನ್ನು ಕೆಳಗಿಟ್ಟು ಅಲ್ಲೇ ಅಂಗಳದಲ್ಲಿ ಕೂತುಬಿಟ್ಟ. ನಾಗರತ್ನಾ ಅವನ ಪಕ್ಕ ಕೂತು ಅವನ ಎಣ್ಣೆ ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಬೀದಿಗೆ ಕಾಣುವಂತೆ ಅವಳು ಹಾಗೆ ಕೈ ಹಿಡಿದದ್ದು ಅದೇ ಮೊದಲು.

"ಈ ಗಾಡಿ ಹನ್ನೊಂದು ಕ್ವಿಂಟಲ್ ಮ್ಯಾಲ ಅದ ಕಾಕಾ" ಎಂದಳು ಪಂಚಶೀಲಾ ಮೆಲ್ಲಗೆ. "ಹನ್ನೊಂದು ಚೀಲ ತೊಗರಿ. ಅದರ ಅರ್ಧ ಎದಿ ಮ್ಯಾಲ ಬಿದ್ರೂ ಕೂಗಾಕ ಉಸಿರ ಇರಂಗಿಲ್ಲ."

"ಈಗೇನ್ ಮಾಡಬೇಕು ಹೇಳವಾ" ಎಂದ ಅಮರನಾಥ. ಪಕ್ಕದ ಮನೆಯ ಮೇಡಂಗೆ ಅವನು ಕೇಳಿದ ಮೊದಲ ಪ್ರಶ್ನೆ ಇದು.

"ಕೆಲಸ ಬಿಡೋದು ಬ್ಯಾಡ್ರಿ. ಮನ್ಯಾಗ ಮಾಡೋದು ತಪ್ಪಲ್ಲ. ಮಾಡೋ ರೀತಿಲಿಂದ ಮಾಡಮು. ಮೊದಲ ನೆಲ ನೋಡ್ರಿ. ಈ ಅಂಗಳದ ಫರ್ಸಿ ಕೆಳಗ ಏನದ?"

ಅಮರನಾಥ ಎದ್ದು ಹಿಮ್ಮಡಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿದ. "ಕೆಳಗ ಎರಿ ಮಣ್ಣು. ಬ್ಯಾಸಗ್ಯಾಗ ಬಿರಕು ಬಿಡ್ತದ, ಇಲ್ಲಿ ಎಲ್ಲಾ ಪೊಳ್ಳ. ಪೋರ್ಚ್ ಕೆಳಗ ನಾನೇ ನಿಂತು ಕಾಂಕ್ರೀಟ್ ಹಾಕಿಸೀನಿ. ಅದು ಸಪಾಟ ಅದ, ಮಜಬೂತ ಅದ." ಈ ಮಾತು ಹೇಳುವಾಗ ಅವನ ದನಿಗೆ ಮತ್ತೆ ಹಳೆಯ ಗತ್ತು ಬಂತು.

ಮೂವರೂ ಸೇರಿ ಕಾರನ್ನು ಪೋರ್ಚ್‌ಗೆ ದೂಡಿದರು. ಪಂಚಶೀಲಾ ಹೇಳುತ್ತ ಹೋದಳು, ಅಮರನಾಥ ಮಾಡುತ್ತ ಹೋದ. ಹ್ಯಾಂಡ್ ಬ್ರೇಕ್ ಎಳೆದ, ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ. ಹಿಂದಿನ ಎರಡೂ ಗಾಲಿಗೆ ಮುಂದೊಂದು, ಹಿಂದೊಂದು ದಪ್ಪ ಕಟ್ಟಿಗೆಯ ತುಂಡು ಬಿಗಿಯಾಗಿ ತಳ್ಳಿದ. ಬ್ಯಾಟರಿಯ ಒಂದು ವಾಯರ್ ಬಿಚ್ಚಿಟ್ಟ. ಜಾಕ್ ಒತ್ತಿ ಮುಂಭಾಗ ಎತ್ತಿದ ಮೇಲೆ ಕಾರಿನ ತಳದ ಗಟ್ಟಿ ಉಕ್ಕಿನ ಜಾಗ ಹುಡುಕಿ, ಎಡಬಲಕ್ಕೆ ಒಂದೊಂದು ಸ್ಟ್ಯಾಂಡ್ ನಿಲ್ಲಿಸಿ, ಪಿನ್ನು ಪೂರ್ತಿ ಕೂತಿದೆಯೇ ಎಂದು ನೋಡಿ, ಭಾರವನ್ನು ಅವುಗಳ ಮೇಲೆ ಇಳಿಸಿದ.

"ಸ್ಟ್ಯಾಂಡ್ ಮ್ಯಾಲ ಎಷ್ಟ ಟನ್ ಅಂತ ಬರದದ ನೋಡ್ರಿ" ಎಂದಳು ಪಂಚಶೀಲಾ. "ಗಾಡಿಕಿಂತ ಹೆಚ್ಚ ಹೊರೋದೇ ಇರಬೇಕು. ಅದು ಬರೀದ ಇದ್ರ ಆ ಸ್ಟ್ಯಾಂಡ್ ಕೊಳ್ಳಾಕ ಹೋಗಬ್ಯಾಡ್ರಿ."

ಅಮರನಾಥ ಬೆನ್ನು ಬಗ್ಗಿಸಿ ಒಳಗೆ ನುಗ್ಗಲು ನೋಡಿದ.

"ತಡೀರಿ! ಮೊದಲ ದೂಡ್ರಿ. ಆಕಡಿಯಿಂದ, ಈಕಡಿಯಿಂದ, ಜೋರಲೆ ಅಲುಗಾಡಿಸ್ರಿ. ಬೀಳೋದಿದ್ರ ನೀವು ಹೊರಗಿದ್ದಾಗ ಬೀಳ್ಲಿ."

ದೂಡಿದ. ಕಾರು ಮಿಸುಕಲಿಲ್ಲ. ನಾಗರತ್ನಾ ತಾನೂ ಒಂದು ಸಲ ದೂಡಿ ನೋಡಿದಳು, ಅವಳಿಗೆ ಅವರಿಬ್ಬರ ಮೇಲೂ ನಂಬಿಕೆ ಇರಲಿಲ್ಲ. ಅದಾದ ಮೇಲೂ ಪಂಚಶೀಲಾ ಸ್ಟೆಪ್ನಿ ಗಾಲಿಯನ್ನು ಕಾರಿನ ಬಾಗಿಲ ಕೆಳಗೆ ಅಡ್ಡ ಮಲಗಿಸಿದಳು. ಎಲ್ಲ ಕೈ ಕೊಟ್ಟರೂ ಅಷ್ಟು ಸಂದಿ ಉಳಿಯುತ್ತದೆ ಎಂದಳು. ಕಣ್ಣಿಗೆ ಎಣ್ಣೆ ಕಸ ಬೀಳದಂತೆ ತನ್ನ ಕೆಲಸದ ಕನ್ನಡಕ ಕೊಟ್ಟಳು. ನಾಗರತ್ನಾ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಫೋನಿಟ್ಟು, ಮೆಂತ್ಯ ಸೊಪ್ಪು ಬಿಡಿಸುತ್ತ ಅಲ್ಲೇ ಕಾವಲು ಕೂತಳು. ಒಬ್ಬರು ಕೆಳಗಿದ್ದರೆ ಒಬ್ಬರು ಹೊರಗೆ ಇರಲೇಬೇಕು ಎಂಬುದು ಪಂಚಶೀಲಾಳ ಕಟ್ಟಪ್ಪಣೆ.

ಊಟದ ಹೊತ್ತಿಗೆ ಅಲ್ಲ, ಮೂರು ಗಂಟೆಗೆ ಕೆಲಸ ಮುಗಿಯಿತು. ಚೇಂಬರ್ ತೊಳೆದು, ಹೊಸ ಪ್ಯಾಕಿಂಗ್ ಕೂರಿಸಿ, ಬೋಲ್ಟ್ ಬಿಗಿದು, ಹೊಸ ಆಯಿಲ್ ತುಂಬಿದರು. ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿದಿಟ್ಟರು. ಗಾಡಿ ಇಳಿಸಿ ಇಂಜಿನ್ ಚಾಲೂ ಮಾಡಿ ಅರ್ಧ ತಾಸು ಕಾದರು. ಕೆಳಗೆ ಒಂದು ಹನಿ ಬೀಳಲಿಲ್ಲ. ಆ ದಿನ ಪಂಚಶೀಲಾಳ ಊಟ ನಾಗರತ್ನಾಳ ಮನೆಯಲ್ಲೇ ಆಯಿತು. ಬಿಸಿ ರೊಟ್ಟಿ, ಮೆಂತ್ಯ ಪಲ್ಯ, ಶೇಂಗಾ ಹಿಂಡಿ. ಅಮರನಾಥ ತಾನೇ ಎದ್ದು ಬಡಿಸಿದ.

ಸೋಮವಾರ ಬೆಳಗ್ಗೆ ಅಪ್ಪನ ಗಾಡಿ ಹೊರಟಿತು. ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಹೂವು, ಹೋಳಿಗೆಯ ಬುಟ್ಟಿ, ಕೋಡುಬಳೆಯ ಬುಟ್ಟಿ. ಡಿಕ್ಕಿಯಲ್ಲಿ ಏನಿದೆ ಎಂದು ನಾಗರತ್ನಾ ಎರಡು ಸಲ ಕೇಳಿದರೂ ಅಮರನಾಥ ಬಾಯಿ ಬಿಡಲಿಲ್ಲ. ಮಹಾಗಾಂವ ದಾಟಿ, ಬಯಲಿನಲ್ಲಿ ರಾಶಿ ಮುಗಿದ ತೊಗರಿ ಹೊಲಗಳನ್ನು ನೋಡುತ್ತ, ಹತ್ತು ಗಂಟೆಗೆ ಕಮಲಾಪುರ ಮುಟ್ಟಿದರು.

ಬೀಗರ ಮನೆಯ ಅಂಗಳದಲ್ಲಿ ಬೀಗರು ಕಾಣಲಿಲ್ಲ. ಕಂಡದ್ದು ಬೀಗರ ಎರಡು ಕಾಲು. ಬೀಗ ಸಾಯಬಣ್ಣ ತೋಟದಿಂದ ಕೆಂಪು ಬಾಳೆಗೊನೆ ತರುವ ಹಳೆಯ ಜೀಪಿನ ಕೆಳಗೆ ಮಲಗಿ ಏನೋ ಕುಟ್ಟುತ್ತಿದ್ದರು. ಒಂದು ಗಾಲಿ ಬಿಚ್ಚಿದ ಜೀಪು ಒಂದೇ ಒಂದು ಜಾಕಿನ ಮೇಲೆ ನಿಂತಿತ್ತು. ಜಾಕ್ ನಿಂತದ್ದು ಒಂದು ಹಲಗೆಯ ಮೇಲೆ, ಹಲಗೆ ಕೂತದ್ದು ನಿನ್ನೆ ನೀರು ಹೊಡೆದ ಮೆತ್ತನೆಯ ಎರೆ ಮಣ್ಣಿನ ಮೇಲೆ.

ಅಮರನಾಥ ಕಾರಿನ ಬಾಗಿಲು ಹಾಕುವುದನ್ನೂ ಮರೆತು ಓಡಿದ. "ಬೀಗರ, ಹೊರಗ ಬರ್ರಿ! ಮೊದಲ ಹೊರಗ ಬರ್ರಿ!"

"ಓ, ಬಂದ್ರ್ಯಾ? ಬರ್ರಿ ಬರ್ರಿ. ಕೈಕಾಲು ತೊಳ್ಕೊರಿ, ನೀರ ಕುಡೀರಿ. ಎರಡ ನಿಮಿಷ, ಒಂದು ನಟ್ ಅದ" ಎಂದರು ಸಾಯಬಣ್ಣ ಕೆಳಗಿನಿಂದ.

"ನೀರು ಆಮ್ಯಾಲ. ಜಾಕ್ ಎತ್ತಾಕ ಇರೋದ್ರಿ, ಹಿಡದು ನಿಲ್ಲಾಕ ಅಲ್ಲ!"

"ಅಯ್ಯ, ಇಪ್ಪತ್ತು ವರ್ಷಲಿಂದ ಮಾಡಾಕತ್ತೀನಿ. ಏನಾಗ್ತದ ಬಿಡ್ರಿ."

ಬಾಗಿಲಲ್ಲಿ ಬೀಗತಿ ಸೂಗಮ್ಮ ಆರತಿ ತಟ್ಟೆ ಹಿಡಿದು ಬಂದು ನಿಂತಿದ್ದರು. "ನಾ ಹೇಳಿ ಹೇಳಿ ಸಾಕಾಗೀನಿ ಬೀಗತಿ. ಹೆಂಗಸರಿಗಿ ಗಾಡಿ ಬಗ್ಗೆ ಏನ್ ತಿಳೀತದ ಅಂತಾರ" ಎಂದರು. ಅವರ ಹಿಂದೆ ಅಂಬಿಕಾ, ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಹಿಂದಿನ ದಿನದ ಕಥೆಯನ್ನು ಅವ್ವನಿಂದ ಫೋನಿನಲ್ಲಿ ಮೂರು ಸಲ ಕೇಳಿದ್ದಳು. ಮೆಟ್ಟಿಲ ಮೇಲೆ ನಿಂತೇ, ಸಾವಕಾಶವಾಗಿ ಕೇಳಿದಳು:

"ಮಾವಾ, ಅಪ್ಪನ ಮನೀಲಿಂದ ತೊಟ್ಟಿಲ ತರಸ್ತೇನಿ. ನಿಮ್ಮ ಬಾಜೂಕ, ಜೀಪಿನ ಕೆಳಗ ಇಡ್ಲೇನ್ರಿ?"

ಕುಟ್ಟುವುದು ನಿಂತಿತು. ಮೊದಲು ಸುತ್ತಿಗೆ ಹೊರಗೆ ಬಂತು, ಆಮೇಲೆ ಸಾಯಬಣ್ಣ ಬಂದರು. ಮೈಯ ಮಣ್ಣು ಕೊಡವಿಕೊಂಡು, ಸೊಸೆಯ ಮುಖ ನೋಡಲಾರದೆ, "ಸುಮ್ಮ ಹೆದರ್ತೀರಿ ಎಲ್ಲಾರೂ. ಅಲುಗಾಡಂಗಿಲ್ಲ ಅದು" ಎಂದರು.

"ಅಲುಗಾಡ್ತದೋ ಇಲ್ಲೋ ನೋಡೇ ಬಿಡಮು. ಎಲ್ಲಾರೂ ಹಿಂದಕ ಸರೀರಿ" ಎಂದ ಅಮರನಾಥ. ಪಕ್ಕಕ್ಕೆ ನಿಂತು, ತೋಳು ಚಾಚಿ, ಜೀಪಿನ ಮೈಗೆ ಅಂಗೈ ಹಚ್ಚಿ ಒಂದೇ ಒಂದು ಸಲ ದೂಡಿದ.

ಹಲಗೆಯ ಒಂದು ತುದಿ ಮಣ್ಣಿಗೆ ಇಳಿಯಿತು. ಜಾಕ್ ವಾಲಿತು. ಜೀಪು ದಪ್ಪೆಂದು ಕೆಳಗೆ ಕೂತಿತು. ಈಗಷ್ಟೇ ಸಾಯಬಣ್ಣ ಮಲಗಿದ್ದ ಗೋಣಿಚೀಲ, ಅದರ ಮೇಲೆ ಬಿಟ್ಟಿದ್ದ ಅವರ ಟೋಪಿ, ಎರಡೂ ಜೀಪಿನ ಕೆಳಗೆ ಅಪ್ಪಚ್ಚಿಯಾದವು.

ಸೂಗಮ್ಮ ಆರತಿ ತಟ್ಟೆ ಹಿಡಿದೇ ಗಂಡನ ಕಡೆ ಓಡಿದರು. ನಾಗರತ್ನಾ ಹೋಗಿ ಅದನ್ನು ಹಿಡಿದುಕೊಂಡಳು. ಈ ಗಾಬರಿ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಮರನಾಥ ಹೋಗಿ ಡಿಕ್ಕಿ ತೆಗೆದ. ಒಳಗೆ ಇದ್ದದ್ದು ಹಿಂದಿನ ಸಂಜೆ ಸ್ಟೇಶನ್ ಬಜಾರದಲ್ಲಿ ಕೊಂಡ ಹೊಚ್ಚ ಹೊಸ ಎರಡು ಜಾಕ್ ಸ್ಟ್ಯಾಂಡ್, ನಾಲ್ಕು ಕಟ್ಟಿಗೆಯ ತುಂಡು, ಮತ್ತು ಅರ್ಧ ಫರ್ಸಿ ಕಲ್ಲು. "ಹೋಳಿಗಿ ಬುಟ್ಟಿ ಬೀಗತ್ಯಾರಿಗಿ. ನಿಮ್ಮ ಜೀಪಿನ ಸಲುವಾಗಿ ಇದು ನಿಮಗ" ಎಂದು ಸ್ಟ್ಯಾಂಡುಗಳನ್ನು ಸಾಯಬಣ್ಣನ ಮುಂದಿಟ್ಟ. "ಕಲ್ಲಿನ ಕಥಿ ಊಟದ ಹೊತ್ತಿಗಿ ಹೇಳ್ತೇನಿ."

ಸಾಯಬಣ್ಣ ಬಗ್ಗಿ ಸ್ಟ್ಯಾಂಡ್ ಎತ್ತಿ ನೋಡಿದರು. "ಬೀಗರ, ಇದನ್ನ ಹ್ಯಾಂಗ ಇಡಬೇಕು ತೋರಸ್ರಿ" ಎಂದರು.

ಅಂದು ಕುಬಸ ಸಾಂಗವಾಗಿ ನೆರವೇರಿತು. ಅಂಬಿಕಾ ಹಸಿರು ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು, ಅಪ್ಪನ ಗಾಡಿಯ ಹಿಂದಿನ ಸೀಟಿನಲ್ಲಿ ಅವ್ವನ ಭುಜಕ್ಕೆ ತಲೆ ಇಟ್ಟುಕೊಂಡು ತವರಿಗೆ ಬಂದಳು. ಸ್ಟಿಯರಿಂಗ್ ಹಿಡಿದದ್ದು ಅಮರನಾಥನೇ. ಎರಡು ತಿಂಗಳಿಗೆ ಹೆಣ್ಣು ಕೂಸು ಹುಟ್ಟಿತು. ಗಿಳಿಯ ತೊಟ್ಟಿಲು ಈಗ ಪಡಸಾಲೆಯಲ್ಲಿ ತೂಗುತ್ತಿದೆ, ತೂಗುವ ಕೈ ಹೆಚ್ಚಾಗಿ ಅಜ್ಜ ಅಮರನಾಥನದೇ. ಒಡೆದ ಅರ್ಧ ಫರ್ಸಿ ಅಂಗಡಿಯ ಗಲ್ಲಾದ ಮೇಲಿದೆ. ಗಾಡಿ ಇರುವ ಗಿರಾಕಿ ಬಂದರೆ ಅಮರನಾಥ ಮೊದಲು ಅದನ್ನು ಬಾರಿಸಿ ತೋರಿಸುತ್ತಾನೆ, ಆಮೇಲೆ ಕಲ್ಲು ಮಾರುತ್ತಾನೆ.

ಇನ್ನು ನಿಮ್ಮ ಮನೆ ಮುಂದೆ ನಿಂತ ಗಾಡಿಯ ಮಾತು. ಅದು ಅಜ್ಜನ ಅಂಬಾಸಿಡರ್ ಇರಲಿ, ತೋಟದ ಜೀಪಿರಲಿ, ಬಾಡಿಗೆಯ ಟೆಂಪೋ ಇರಲಿ, ಮನೆಯಲ್ಲಿ ನಿಮ್ಮ ಕೈಯಾರೆ ರಿಪೇರಿ ಮಾಡಿ, ಅದರಲ್ಲಿ ನಾಚಿಕೆ ಇಲ್ಲ, ಹೆಮ್ಮೆಯೇ ಇದೆ. ಆದರೆ ಬರೀ ಜಾಕಿನ ಮೇಲೆ, ಕಲ್ಲಿನ ಮೇಲೆ, ಇಟ್ಟಿಗೆಯ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಕ್ಷಣಕ್ಕೂ ಹೋಗಬೇಡಿ. ಗಟ್ಟಿ ಸಪಾಟು ನೆಲ ಹುಡುಕಿ, ಗಾಲಿಗೆ ಅಡ್ಡ ಕೊಡಿ, ಭಾರವನ್ನು ಸ್ಟ್ಯಾಂಡುಗಳ ಮೇಲೆ ಇಳಿಸಿ, ಜೋರಾಗಿ ದೂಡಿ ನೋಡಿ, ಆಮೇಲೆ ಒಳಗೆ ಹೋಗಿ. ಒಬ್ಬರನ್ನು ಹೊರಗೆ ಕೂರಿಸಿಕೊಳ್ಳಿ. ಸ್ಟ್ಯಾಂಡ್ ಇಲ್ಲದಿದ್ದರೆ ಮೇಸ್ತ್ರಿ ಹೇಳಿದ ಎಂಟು ದಿನ ಕಾಯಿರಿ, ಗಾಡಿ ಕಾಯುತ್ತದೆ. ಯಾರ ಮೇಲಾದರೂ ಗಾಡಿ ಬಿದ್ದರೆ ಕೈ ಕಾಲು ಹಿಡಿದು ಎಳೆಯಬೇಡಿ. ಜಾಕಿನಿಂದ ಗಾಡಿ ಎತ್ತಿ ಆಸರೆ ಕೊಡಿ, 108ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ನೆನಪಿರದಿದ್ದರೆ ನಾಗರತ್ನಾಳ ಮಾತೊಂದು ನೆನಪಿಟ್ಟುಕೊಳ್ಳಿ. ಗಾಡಿಯ ಕೆಳಗೆ ಹೋಗುವ ಮುಂಚೆ, ಅಲ್ಲಿ ನಿಮ್ಮ ಮನೆಯ ತೊಟ್ಟಿಲು ಇಡುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಡುವುದಿಲ್ಲ ಎಂದರೆ, ನಿಮ್ಮ ತಲೆಯನ್ನೂ ಅಲ್ಲಿ ಇಡಬೇಡಿ.